ಹಗ್ಗದ ಗಿಡ

ನಮ್ಮ ತಾತನ ಊರು ಪಾಂಡವಪುರದ ಹತ್ತಿರದ ಒಂದು ಹಳ್ಳಿ. ಅವರ ಮನೆಯ ಜಗಲಿಯ ಕಂಬದಲ್ಲಿ ಯಾವಾಗಲೂ ಒಂದು ಹಿಡಿ ನಾರು ನೇತಾಡುತ್ತಿತ್ತು. ಯಾರಾದರೂ ಬಂದು ಕೂತರೆ ತಾತನ ಬಾಯಿ ಮಾತಿಗೆ, ಕೈ ನಾರಿಗೆ. ಊರ ಪಂಚಾಯಿತಿ ಮುಗಿಯುವ ಹೊತ್ತಿಗೆ ಕರುವಿಗೊಂದು ಕಣ್ಣಿ ಸಿದ್ಧವಾಗಿರುತ್ತಿತ್ತು. ಮಾತಿನಿಂದ ಕೈಗೆ ಸಿಗುವಂಥ ಲಾಭ ಆದದ್ದನ್ನು ನಾನು ಕಂಡದ್ದು ಅಲ್ಲಿ ಮಾತ್ರ.

ಆ ನಾರು ಅಪ್ಸೆಣಬಿನದು. ಗಿಡವನ್ನು ಕಟ್ಟು ಕಟ್ಟಿ, ನೀರಿನಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರಿ ಕೊಳೆಸಬೇಕು. ಆ ದಿನಗಳಲ್ಲಿ ಕೆರೆಯ ಏರಿಯ ಮೇಲೆ ಮೂಗು ಬಿಟ್ಟು ನಡೆಯುವಂತಿರಲಿಲ್ಲ! ಈಗಲೂ ಶ್ರೀರಂಗಪಟ್ಟಣದ ಕಡೆಯ ಗದ್ದೆಗಳಲ್ಲಿ ಅಪ್ಸೆಣಬು ಬಿತ್ತುತ್ತಾರೆ. ಆದರೆ ಹೂ ಬರುವ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸಿ ಭತ್ತ ನಾಟಿ ಮಾಡುತ್ತಾರೆ. ಗೊಬ್ಬರ ಹೊಲದ್ದು, ಹಗ್ಗ ಅಂಗಡಿಯದು.

ಹೋದ ಯುಗಾದಿಗೆ ನನ್ನ ಅಕ್ಕನ ಮಗ ಮನೆಗೆ ಬಂದ. ಅವನ ಹೊಲ ನಾಗಮಂಗಲದ ಕಡೆ. ಶ್ರೀರಂಗಪಟ್ಟಣದವರು ನಾಲೆ ನೋಡಿ ಬಿತ್ತಿದರೆ ಅವನು ಮುಗಿಲು ನೋಡಿ ಬಿತ್ತಬೇಕು. ಮೂರನೆಯ ಕೊಳವೆಬಾವಿಯೂ ಒಣಗಿತ್ತು. ಅದರ ಸಾಲ ಮಾತ್ರ ಹುಲುಸಾಗಿ ಬೆಳೆದಿತ್ತು. ಕೆ.ಆರ್. ಪೇಟೆಯ ಸಂತೆಯಲ್ಲಿ ಯಾರೋ ಹೇಳಿದ್ದ ಹೊಸ ಬೆಳೆಯೊಂದರ ಚಿತ್ರವನ್ನು ಫೋನಿನಲ್ಲಿ ತೋರಿಸಿದ.

“ಇದ್ರ ನಾರಲ್ಲಿ ಬಟ್ಟೆ, ಹಗ್ಗ, ಕಾಗದ ಎಲ್ಲಾ ಆಯ್ತದೆ ಮಾವ. ಬೀಜದಲ್ಲಿ ಎಣ್ಣೆ. ನಾರು ತೆಗೆದ ಕಡ್ಡೀನ ಸುಣ್ಣಕ್ಕೆ ಕಲಸಿ ಗೋಡೆನೂ ಕಟ್ತಾರಂತೆ.”

ನಾನು ಎಲೆ ನೋಡಿದೆ. ಬೆರಳು ಚಾಚಿದ ಹಾಗಿತ್ತು. “ಇದು ಭಂಗಿ ಗಿಡ ಕಣಯ್ಯ!” ಎಂದೆ.

“ಇದ್ರಲ್ಲಿ ಮತ್ತು ಬರಾಕಿಲ್ಲ ಮಾವ.”

ಅವನ ಮಾತು ಸುಳ್ಳಲ್ಲ. ನಾರಿನ ತಳಿಗಳಲ್ಲಿ ಮತ್ತಿನ ಅಂಶ ನೂರಕ್ಕೆ 0.3ನ್ನು ಮೀರಬಾರದೆಂದು ಅನೇಕ ದೇಶಗಳಲ್ಲಿ ನಿಯಮವಿದೆ. ಆದರೆ ನಾನು ವಕೀಲರೊಬ್ಬರ ಬಳಿ ಗುಮಾಸ್ತನಾಗಿದ್ದವನು. 1985ರ ಮಾದಕ ವಸ್ತುಗಳ ಕಾಯಿದೆ ಮೊದಲು ನೋಡುವುದು ಗಿಡದ ಮತ್ತನ್ನಲ್ಲ, ಕುಲವನ್ನು. ನಾರಿಗೂ ಬೀಜಕ್ಕೂ ಬೆಳೆಯಲು ಸರ್ಕಾರ ಅನುಮತಿ ಕೊಡಬಹುದೆಂದು ಅದರಲ್ಲೇ ಇದೆ. ಉತ್ತರಾಖಂಡ 2018ರಲ್ಲಿ ಆ ಬಾಗಿಲು ತೆರೆಯಿತು. ಅನುಮತಿಯಿಲ್ಲದೆ ಬಿತ್ತಿದರೆ ಹತ್ತು ವರ್ಷದವರೆಗೆ ಕಠಿಣ ಸಜೆ, ಲಕ್ಷ ರೂಪಾಯಿವರೆಗೆ ದಂಡ. ಅನುಮತಿ ಸಿಕ್ಕಿತೆನ್ನಿ, ಬಿತ್ತನೆ ಬೀಜ ಎಲ್ಲಿಯದು? ನಾರು ಬಿಡಿಸುವ ಯಂತ್ರ ಎಲ್ಲಿ? ಕೊಳ್ಳುವವರು ಯಾರು? ಕುಡಿಯುವುದಕ್ಕೇ ನೀರಿಲ್ಲದ ಕಡೆ ಕೊಳೆಹಾಕುವುದು ಎಲ್ಲಿ? ಬಿಸಿಲಿಗೋ ತಳಿಯ ದೋಷಕ್ಕೋ ಮತ್ತು ಮಿತಿ ಮೀರಿದರೆ ಬೆಳೆದ ಪೈರೇ ನಾಶ. ಗಿಡಕ್ಕೆ ಸರ್ಕಾರದ ನಿಯಮ ಓದಲು ಬರುವುದಿಲ್ಲವಲ್ಲ!

ಇಷ್ಟನ್ನೂ ಹೇಳಿ ಮುಗಿಸಿದಾಗ ನನಗೇ ಒಂದು ತೃಪ್ತಿ. ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡ. “ಓದ್ದೋರು ಬ್ಯಾಡ ಅನ್ನೋದೊಂದು ಚೆಂದಾಗಿ ಕಲ್ತಿದ್ದೀರಿ ಮಾವ,” ಎಂದು ಹೋಳಿಗೆಗೂ ನಿಲ್ಲದೆ ಹೋಗಿಬಿಟ್ಟ.

ಆ ರಾತ್ರಿ ನಿದ್ದೆ ಬರಲಿಲ್ಲ. ಹುಡುಗ ಕೇಳಿದ್ದು ಕಾಯಿದೆಯನ್ನಲ್ಲ, ದಾರಿಯನ್ನು. ಇಂಗ್ಲಿಷಿನವರು ಅಪ್ಸೆಣಬಿಗೂ ಭಂಗಿಗೂ ‘ಹೆಂಪ್’ ಎಂಬ ಒಂದೇ ಹೆಸರನ್ನು ಅಂಟಿಸಿದ್ದಾರೆ; ನಿಜವಾಗಿ ಎರಡಕ್ಕೂ ನಂಟಿಲ್ಲ. ಒಂದು ಹುರುಳಿ, ಅವರೆಗಳ ವಂಶದ್ದು. ಅದರ ಬೇರಿನ ಗಂಟುಗಳು ನೆಲಕ್ಕೆ ಸಾರಜನಕ ಕೂಡಿಸುತ್ತವೆ. ತಾತನ ಗಿಡಕ್ಕೆ ಯಾರ ಅಪ್ಪಣೆಯೂ ಬೇಡ. ಇದನ್ನು ಅವನಿಗೆ ಹೇಳಲು ಬೆಳಗಾಗುವುದನ್ನೇ ಕಾದು ಫೋನು ಮಾಡಿದೆ. “ಅದ್ರ ನಾರು ಯಾರು ತಕಾತಾರೆ ಮಾವ?” ಎಂದ. ನನ್ನಲ್ಲಿ ಉತ್ತರವಿರಲಿಲ್ಲ.

ಆದರೂ ಮುಂಗಾರಿಗೆ ಅರ್ಧ ಎಕರೆ ಬಿತ್ತಿದ. ರಾಗಿಗೆ ಗೊಬ್ಬರವಾಗಲೆಂದು ಉತ್ತು, ಬದುವಿನಂಚಿನ ನಾಲ್ಕು ಸಾಲು ಉಳಿಸಿದನಂತೆ. ಊರ ಕಟ್ಟೆಯಲ್ಲಿ ಈ ಸಲ ನೀರು ನಿಂತಿತ್ತು. ದೀಪಾವಳಿಗೆ ಬಂದವನು ಚೀಲದಿಂದ ಒಂದು ಹಗ್ಗ ತೆಗೆದು ನನ್ನ ಮುಂದಿಟ್ಟ. ಹುರಿ ಅಲ್ಲಲ್ಲಿ ಸಡಿಲ. ತಾತ ನೋಡಿದ್ದರೆ ಬಿಚ್ಚಿ ಮತ್ತೆ ಹೊಸೆಸುತ್ತಿದ್ದರು.

ಕಟ್ಟಲು ನಮ್ಮ ಮನೆಯಲ್ಲಿ ಹಸುವಿಲ್ಲ. ಹಿತ್ತಲ ಕಿಟಕಿಯಿಂದ ಗೋಡೆಯ ಮೊಳೆಗೆ ಎಳೆದು ಬಟ್ಟೆ ಒಣಹಾಕಿದ್ದೇವೆ. ಈ ಸಲ ಅವನು ಊಟ ಮಾಡಿಕೊಂಡೇ ಹೋದ. ಸಾಲ ಇನ್ನೂ ತೀರಿಲ್ಲ.