ಫ್ರಾನ್ಸಿನ ಕಾಲುವೆ ಏರಿ ಮೇಲೆ ಅಣ್ಣ ತಮ್ಮ ಓಡಿದ್ದು

ಈ ಬರಹದಲ್ಲಿ 'ನಾವು' ಅಂದರೆ ಅಣ್ಣ ತಮ್ಮ ಇಬ್ಬರು. ಅಣ್ಣ ಜಿಲ್ಲೆಯ ಸುದ್ದಿ ಕಳಿಸುವವನು, ಇಲ್ಲಿ ನೀವು ಆಗಾಗ ಓದುವವನೇ. ತಮ್ಮ ಡಿಪ್ಲೊಮಾ ಮುಗಿಸಿ, ಬೆಂಗಳೂರಿನಲ್ಲಿ ವಿಮಾನದ ಬಿಡಿಭಾಗದ ಕೆಲಸ ಕಲಿತು, ನಾಲ್ಕು ವರ್ಷದಿಂದ ದಕ್ಷಿಣ ಫ್ರಾನ್ಸಿನ ತುಲೂಸ್ ಊರಿನಲ್ಲಿದ್ದಾನೆ. ಹೋದ ಸೆಪ್ಟೆಂಬರ್‌ನಲ್ಲಿ ಅವನೇ ಟಿಕೆಟ್ ಮಾಡಿಸಿ ಅಣ್ಣನನ್ನು ಮೂರು ವಾರಕ್ಕೆ ಕರೆಸಿಕೊಂಡ. ಹೆಚ್ಚಿನ ಬೆಳಗುಗಳಲ್ಲಿ ಇಬ್ಬರೂ ಓಡಿದೆವು. ಅದರ ಕಥೆ ಇದು.

ಓಡಿದ್ದು ಷೋಕಿಗಲ್ಲ. ಅಪ್ಪ 57ನೇ ವಯಸ್ಸಿಗೆ ಎದೆನೋವು ಬಂದು ಹೋದರು. ಅಣ್ಣನಿಗೆ ಈಗಾಗಲೇ ಸಕ್ಕರೆ ಅಂಚಿಗೆ ಬಂದಿದೆ. ನೀವಿಬ್ಬರೂ ಕೈಕಾಲು ಆಡಿಸಲೇಬೇಕು ಅಂತ ಡಾಕ್ಟರು ಹೇಳಿದ್ದರು. ತಮ್ಮ ಅಲ್ಲಿ ದಿನಾ ಓಡುತ್ತಿದ್ದ, ಅಣ್ಣ ಇಲ್ಲಿ ಬೈಕ್ ಇಳಿಯುತ್ತಿರಲಿಲ್ಲ.

ಓಡಿದ ದಾರಿಗೆ ಕನಾಲ್ ದು ಮಿದಿ ಅಂತ ಹೆಸರು. ತುಲೂಸ್‌ನಿಂದ ಮೆಡಿಟರೇನಿಯನ್ ಸಮುದ್ರದ ಅಂಚಿನವರೆಗೆ ಸುಮಾರು 240 ಕಿ.ಮೀ. ಉದ್ದದ ಕಾಲುವೆ. 1666ರಲ್ಲಿ ಅಪ್ಪಣೆಯಾಗಿ 1681ರಲ್ಲಿ ಮುಗಿಯಿತು. ನಮ್ಮ ಕಡೆ ಕಾಲುವೆ ಅಂದರೆ ಗದ್ದೆಗೆ ನೀರು. ಇದು ದೋಣಿಗೆ. ದಡದಲ್ಲಿ ಕುದುರೆಗಳು ಹಗ್ಗ ಕಟ್ಟಿಕೊಂಡು ದೋಣಿ ಎಳೆಯುತ್ತಿದ್ದವು. ಕುದುರೆ ನಡೆಯಲು ಮಾಡಿದ ಆ ಏರಿ ದಾರಿಯಲ್ಲೇ ಈಗ ಜನ ಓಡುತ್ತಾರೆ, ಸೈಕಲ್ ಹೊಡೆಯುತ್ತಾರೆ. ಕುದುರೆ ನಡೆಯುವ ದಾರಿ ಆದ್ದರಿಂದ ಏರಿಳಿತ ಕಡಿಮೆ. ಹೊಸದಾಗಿ ಓಡುವವರ ಮಂಡಿಗೆ ಇದಕ್ಕಿಂತ ಒಳ್ಳೆಯ ದಾರಿ ಸಿಗುವುದು ಕಷ್ಟ.

ಮೊದಲ ವಾರ ತುಲೂಸ್ ಪಕ್ಕದಲ್ಲೇ ಎರಡು, ಮೂರು ಕಿ.ಮೀ. ಓಡಿದೆವು. ಅಣ್ಣ ಓಡಿದ್ದಕ್ಕಿಂತ ನಡೆದಿದ್ದೇ ಜಾಸ್ತಿ. ಸೆಪ್ಟೆಂಬರ್ ಕೊನೆಯಲ್ಲಿ ಅಲ್ಲಿ ಏಳೂವರೆ ದಾಟಿದ ಮೇಲೆಯೇ ಸೂರ್ಯ ಹುಟ್ಟುವುದು. ಎದುರಿಗೆ ಬಂದವರೆಲ್ಲ 'ಬೋನ್‌ಝೂರ್' ಅನ್ನುತ್ತಾರೆ. ನಮ್ಮೂರಲ್ಲಿ 'ಊಟ ಆಯ್ತಾ' ಅಂದಹಾಗೆ, ಉತ್ತರ ಕೊಡದಿದ್ದರೆ ಮರ್ಯಾದೆ ಅಲ್ಲ.

ಎರಡನೇ ವಾರ ಲೊರಗೆ ಅನ್ನುವ ಹಳ್ಳಿಗಾಡಿಗೆ ಹೋದೆವು. ಎತ್ತ ನೋಡಿದರೂ ಗೋಧಿ ಕೊಯ್ದ ಹೊಲ, ತಲೆ ಕಪ್ಪಾಗಿ ಬಗ್ಗಿ ನಿಂತ ಸೂರ್ಯಕಾಂತಿ. ಸೂರ್ಯಕಾಂತಿ ನಮಗೇನು ಹೊಸದಲ್ಲ, ಆದರೆ ಅಷ್ಟು ಹೊಲದಲ್ಲಿ ಒಬ್ಬ ಆಳೂ ಕಾಣದಿರುವುದು ಹೊಸದು. ಗುಡ್ಡದ ಮೇಲೆ ಹಳೆಯ ಗಾಳಿ ಗಿರಣಿಗಳಿವೆ. ಐದಾರು ಶತಮಾನದ ಹಿಂದೆ ಈ ಸೀಮೆ ಬಟ್ಟೆಗೆ ಹಾಕುವ ನೀಲಿ ಬಣ್ಣದ ಗಿಡ ಬೆಳೆದು ಶ್ರೀಮಂತವಾಗಿತ್ತು. ಆಮೇಲೆ ಇಂಡಿಯಾದ ನೀಲಿ ಯುರೋಪಿಗೆ ಬಂತು, ಇವರ ನೀಲಿಯ ಬೆಲೆ ಬಿದ್ದುಹೋಯಿತು. ದೂರದ ದೇಶದ ಮಾಲು ಬಂದು ಊರಿನ ಬೆಳೆ ನೆಲ ಕಚ್ಚುವುದು ನಮ್ಮ ಕಾಲದ ಸಂಗತಿ ಮಾತ್ರ ಅಂದುಕೊಂಡಿದ್ದೆವು.

ಲೊರಗೆಯಲ್ಲಿ ನೊರೂಝ್ ಅನ್ನುವ ಜಾಗವಿದೆ. ಇಡೀ ಕಾಲುವೆಗೆ ಅದೇ ಎತ್ತರದ ತಾಣ. ದೂರದ ಬೆಟ್ಟದ ಹಳ್ಳಗಳ ನೀರನ್ನು ತಿರುಗಿಸಿ, ಸೇಂ ಫೆರೆಯೋಲ್ ಅನ್ನುವ ಕಡೆ ಕೆರೆ ಕಟ್ಟಿ, ಅಲ್ಲಿಂದ ಕಿರುಗಾಲುವೆಯಲ್ಲಿ ನೀರನ್ನು ಇಲ್ಲಿಗೆ ತರುತ್ತಾರೆ. ಇಲ್ಲಿ ನೀರು ಎರಡು ಪಾಲಾಗುತ್ತದೆ. ಒಂದು ಪಾಲು ಪಶ್ಚಿಮಕ್ಕೆ ಹರಿದು ಅಟ್ಲಾಂಟಿಕ್ ಸಾಗರದ ಕಡೆ, ಇನ್ನೊಂದು ಪೂರ್ವಕ್ಕೆ ಹರಿದು ಮೆಡಿಟರೇನಿಯನ್ ಕಡೆ. ಈ ನೀರಿನ ಲೆಕ್ಕ ಹಿಡಿದವನು ಪಿಯೆರ್ ಪಾಲ್ ರಿಕೆ. ಎಂಜಿನಿಯರ್ ಅಲ್ಲ, ಉಪ್ಪಿನ ತೆರಿಗೆ ವಸೂಲಿ ಮಾಡುತ್ತಿದ್ದವನು.

ನೊರೂಝ್ ಬಳಿ ಏರಿಯ ಒಂದು ತುದಿಯಲ್ಲಿ 'ಸಾಗರದ ಲಾಕ್', ಇನ್ನೊಂದು ತುದಿಯಲ್ಲಿ 'ಮೆಡಿಟರೇನಿಯನ್ ಲಾಕ್'. ಲಾಕ್ ಅಂದರೆ ಎರಡು ಬಾಗಿಲಿನ ನೀರಿನ ಕೋಣೆ. ದೋಣಿ ಒಳಗೆ ಬಂದ ಮೇಲೆ ಬಾಗಿಲು ಹಾಕಿ, ನೀರು ತುಂಬಿಸಿದರೆ ದೋಣಿ ಮೇಲೇರುತ್ತದೆ, ನೀರು ಬಿಟ್ಟರೆ ಕೆಳಗಿಳಿಯುತ್ತದೆ. ಪಕ್ಕದಲ್ಲೇ ಲಾಕ್ ಕಾಯುವವನ ಮನೆ. ಮನೆಯ ಗೋಡೆಯ ಫಲಕದಲ್ಲಿ ಹಿಂದಿನ ಲಾಕ್ ಎಷ್ಟು ದೂರ, ಮುಂದಿನದು ಎಷ್ಟು ದೂರ ಅಂತ ಬರೆದಿರುತ್ತದೆ. ಓಡುವವರಿಗೆ ಮೊಬೈಲ್ ಬೇಕಿಲ್ಲ. ಈ ಎರಡು ಲಾಕ್‌ಗಳ ನಡುವೆ ಸುಮಾರು ಐದು ಕಿ.ಮೀ. ಬರುತ್ತದೆ. ಅಣ್ಣ ಜೀವಮಾನದಲ್ಲಿ ಮೊದಲ ಸಲ ನಿಲ್ಲದೆ ಐದು ಕಿ.ಮೀ. ಓಡಿದ್ದು ಅಲ್ಲೇ. ತೆಗೆದುಕೊಂಡ ಸಮಯ 41 ನಿಮಿಷ. ನಗಬೇಡಿ.

ಏರಿಯ ಎರಡೂ ಬದಿ ಪ್ಲಾಟಾನ್ ಮರ. ಹತ್ತಿ ಎಲೆಯಂತೆ ಕವಲಾದ ಎಲೆ, ಸೀಬೆ ಮರದಂತೆ ಸಿಪ್ಪೆ ಉದುರುವ ಕಾಂಡ. ಕಾಲುವೆ ಉದ್ದಕ್ಕೂ ಸುಮಾರು 42 ಸಾವಿರ ಮರಗಳಿದ್ದವು. 2006ರಲ್ಲಿ ಒಂದು ಬೂಷ್ಟು ರೋಗ ಕಾಲುವೆಗೆ ಬಂದದ್ದು ಗೊತ್ತಾಯಿತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ತಂದ ಮದ್ದುಗುಂಡಿನ ಮರದ ಪೆಟ್ಟಿಗೆಗಳಲ್ಲಿ ಈ ರೋಗ ಫ್ರಾನ್ಸಿಗೆ ಬಂತು ಅನ್ನುತ್ತಾರೆ. ಔಷಧಿ ಇಲ್ಲ. ಹತ್ತಾರು ಸಾವಿರ ಮರ ಕಡಿದು ಸುಟ್ಟರು. ಹಾಗಾಗಿ ಓಡುತ್ತಾ ಹೋದರೆ ಒಂದು ಕಡೆ ತಂಪು ಚಪ್ಪರ, ಇನ್ನೊಂದು ಕಡೆ ಬೋಳು ಏರಿ, ಊರುಗೋಲು ಕಟ್ಟಿದ ಹೊಸ ಸಸಿಗಳು. ಈ ಸಲ ಒಂದೇ ಜಾತಿ ನೆಡುತ್ತಿಲ್ಲ, ಓಕ್ ಮತ್ತು ಬೇರೆ ಮರಗಳನ್ನೂ ಬೆರೆಸಿದ್ದಾರೆ. ತೋಟದಲ್ಲಿ ಒಂದೇ ಬೆಳೆ ಹಾಕುವವರು ಇದನ್ನು ನೋಡಬೇಕು.

ಮೂರನೇ ವಾರ ರೈಲಿನಲ್ಲಿ ಬೆಝಿಯೆ ಊರಿಗೆ ಹೋದೆವು. ಅಲ್ಲಿಯ ಫೊನ್ಸೆರಾನ್ ಲಾಕ್‌ಗಳಲ್ಲಿ ಮೊಟ್ಟೆಯಾಕಾರದ ಎಂಟು ಕೋಣೆಗಳು ಮೆಟ್ಟಿಲಿನಂತೆ ಒಂದರ ಮೇಲೊಂದು ಇವೆ. ಸುಮಾರು 300 ಮೀಟರ್ ಉದ್ದದಲ್ಲಿ ದೋಣಿ 21 ಮೀಟರ್‌ಗೂ ಹೆಚ್ಚು ಏರುತ್ತದೆ. ಇದರ ಗುತ್ತಿಗೆ ಹಿಡಿದು ಕಟ್ಟಿದವರು ಮಿಷೆಲ್ ಮತ್ತು ಪಿಯೆರ್ ಮೆದಾಯ್ ಅನ್ನುವ ಅಣ್ಣ ತಮ್ಮ. ಇಬ್ಬರಿಗೂ ಓದು ಬರಹ ಬರುತ್ತಿರಲಿಲ್ಲ. ಕೆಲಸ ಮಾಡಿದ ಆಳುಗಳಲ್ಲಿ ಹೆಂಗಸರೇ ಹೆಚ್ಚು. ರಿಕೆ ತನ್ನ ಆಳುಗಳಿಗೆ ಮಳೆ ಬಂದ ದಿನ, ಭಾನುವಾರ, ಕಾಯಿಲೆ ಬಿದ್ದ ದಿನವೂ ಕೂಲಿ ಕೊಡುತ್ತಿದ್ದ. 350 ವರ್ಷದ ಹಿಂದಿನ ಮಾತು. ನಮ್ಮಲ್ಲಿ ಇವತ್ತಿಗೂ ಎಷ್ಟು ಕಡೆ ಕೊಡುತ್ತಾರೆ, ನೀವೇ ಹೇಳಿ.

ಫೊನ್ಸೆರಾನ್‌ನಿಂದ ಏರಿ ಹಿಡಿದು ಪಶ್ಚಿಮಕ್ಕೆ ಸುಮಾರು ಎಂಟು ಕಿ.ಮೀ. ಹೋದರೆ ಮಾಲ್ಪಾ ಗುಡ್ಡ. ಗುಡ್ಡ ಕೊರೆಯಲಾಗದು, ಕುಸಿಯುತ್ತದೆ ಅಂತ ರಾಜನ ಮಂತ್ರಿ ಕೆಲಸ ನಿಲ್ಲಿಸಿದ್ದ. ರಿಕೆಯ ಜನ ಗುಟ್ಟಾಗಿ ಕೆಲವೇ ದಿನಗಳಲ್ಲಿ ತೂತು ಕೊರೆದು ತೋರಿಸಿದರಂತೆ. ಹತ್ತಿರದ ದಿಬ್ಬ ಹತ್ತಿ ನೋಡಿದರೆ ಮೊಂತಾದಿ ಕಾಣುತ್ತದೆ. 13ನೇ ಶತಮಾನದಲ್ಲಿ ಬತ್ತಿಸಿ ಹೊಲ ಮಾಡಿದ ಕೆರೆ ಅದು. ನಡುವಿನಿಂದ ಸುತ್ತಲೂ ಚರಂಡಿ ತೋಡಿದ್ದರಿಂದ ಹೊಲಗಳೆಲ್ಲ ಗಾಡಿ ಚಕ್ರದ ಅರಗಳಂತೆ ಕಾಣುತ್ತವೆ. ಆ ನೀರು ಹೊರಗೆ ಹೋಗುವ ಸುರಂಗವೂ ಇದೇ ಗುಡ್ಡದಡಿ ಇದೆ.

ಆ ದಾರಿಯಲ್ಲೇ ತಮ್ಮ ರಿಕೆಯ ಕೊನೆಗಾಲದ ಕಥೆ ಹೇಳಿದ. ಕಾಲುವೆಗೆ ತನ್ನ ಆಸ್ತಿಯನ್ನೂ ಸುರಿದ ರಿಕೆ, ಕೆಲಸ ಮುಗಿಯುವ ಕೆಲವು ತಿಂಗಳ ಮುಂಚೆ, 1680ರಲ್ಲಿ ಸತ್ತ. ಕಾಲುವೆ ಪೂರ್ತಿ ಮುಗಿದದ್ದನ್ನು ನೋಡಲಿಲ್ಲ. ಮಕ್ಕಳಿಗೆ ಬಿಟ್ಟು ಹೋದದ್ದು ಸಾಲ. ಅದು ತೀರಲು ನಲವತ್ತು ವರ್ಷದ ಮೇಲೆ ಹಿಡಿಯಿತು.

ನಮ್ಮ ಅಪ್ಪ ಬಿಟ್ಟು ಹೋದದ್ದೂ ಅದೇ. ಆರು ಬೋರು, ಅದರಲ್ಲಿ ನಾಲ್ಕು ಫೇಲು. ಆರನೆಯದು 900 ಅಡಿಗೂ ಬರೀ ಧೂಳು. ಅದನ್ನು ಕೊರೆಸಿದ್ದಕ್ಕೆ ಅಣ್ಣ ಅಪ್ಪನ ಜೊತೆ ಮಾತು ಬಿಟ್ಟಿದ್ದ. ಎರಡು ತಿಂಗಳು. ಮತ್ತೆ ಮಾತಾಡುವ ಹೊತ್ತಿಗೆ ಅಪ್ಪ ಇರಲಿಲ್ಲ.

ತಮ್ಮ ಓಡುವುದು ನಿಲ್ಲಿಸಿದ.

"ಅಣ್ಣ, ಆ ಕೊನೇ ಬೋರು ಹಾಕ್ಸು ಅಂದಿದ್ದು ನಾನು. ಬೆಂಗ್ಳೂರಿಂದ ಫೋನ್ ಮಾಡಿ, ದುಡ್ಡು ಕಳಿಸ್ತೀನಿ ಅಂದಿದ್ದೆ. ಆಮೇಲೆ ಕಳ್ಸಕ್ಕಾಗ್ಲಿಲ್ಲ. ಅಪ್ಪ ನಿಂಗೆ ಹೇಳಿರ್ಲಿಲ್ಲ ಅಲ್ವಾ?"

ಹೇಳಿರಲಿಲ್ಲ. ಬೈಸಿಕೊಂಡರೂ ಸಣ್ಣ ಮಗನ ಹೆಸರು ಎತ್ತಿರಲಿಲ್ಲ.

ಅಣ್ಣ ಏನೂ ಹೇಳದೆ ಮುಂದಕ್ಕೆ ಓಡಿದ. ಸಿಟ್ಟಿನಲ್ಲಿ ಓಡಿದರೆ ಉಸಿರು ಬೇಗ ಕಟ್ಟುತ್ತದೆ. ಅರ್ಧ ಕಿ.ಮೀ. ಆಚೆ ಒಂದು ಕಲ್ಲಿನ ಮೇಲೆ ಕೂತ. ತಮ್ಮ ನಿಧಾನಕ್ಕೆ ನಡೆದುಕೊಂಡು ಬಂದು ಪಕ್ಕದಲ್ಲಿ ಕೂತ. ಒಂದು ದೋಣಿ ಹೋಯಿತು, ಅದರಲ್ಲಿದ್ದ ಮುದುಕಿ ಕೈ ಬೀಸಿದಳು. ನಾವೂ ಬೀಸಿದೆವು.

"ನೀನು ಹೇಳ್ದಿದ್ರೂ ಅಪ್ಪ ಕೊರ್ಸೇ ಕೊರ್ಸ್ತಿತ್ತು ಕಣೋ" ಅಂದ ಅಣ್ಣ. ಅದು ಪೂರ್ತಿ ನಿಜವೋ ಅಲ್ಲವೋ, ಇಬ್ಬರಿಗೂ ಗೊತ್ತಿಲ್ಲ. ಆಮೇಲೆ ಅಣ್ಣನೂ ಮುಚ್ಚಿಟ್ಟದ್ದನ್ನು ಹೇಳಿದ. ಸಾಲ ತೀರಿತು ಅಂತ ಫೋನಲ್ಲಿ ಹೇಳಿದ್ದು ಸುಳ್ಳು. ಬ್ಯಾಂಕಿನದು ತೀರಿದೆ, ಕೈಸಾಲ 1 ಲಕ್ಷ 40 ಸಾವಿರ ಹಾಗೇ ಇದೆ.

"ಯಾಕೆ ಹೇಳ್ಲಿಲ್ಲ?"

"ನೀನು ಯಾಕೆ ಕೇಳ್ಲಿಲ್ಲ?"

ಜಗಳ ಆಯಿತು. ಫ್ರಾನ್ಸಿನ ಕಾಲುವೆ ಏರಿ ಮೇಲೆ ತುಮಕೂರು ಕಡೆಯ ಮಾತಿನಲ್ಲಿ ಜೋರಾಗಿಯೇ ಆಯಿತು. ಸೈಕಲ್‌ನವರು ಬಗ್ಗಿ ನೋಡಿಕೊಂಡು ಹೋದರು. ಅದು ಮುಗಿದ ಮೇಲೆ ಇಬ್ಬರೂ ಮಾಲ್ಪಾ ಸುರಂಗದವರೆಗೆ ನಡೆದೇ ಹೋದೆವು. ಒಳಗೆ ತಂಪಾಗಿತ್ತು, ನೀರು ಅಲುಗಾಡದೆ ನಿಂತಿತ್ತು. ಅಪ್ಪ ಇದನ್ನು ನೋಡಬೇಕಿತ್ತು ಅಂತ ಒಬ್ಬ ಅಂದ. ಯಾರು ಅಂದದ್ದು ಅಂತ ಈಗ ನೆನಪಿಲ್ಲ.

ಕೈಸಾಲವನ್ನು ಈಗ ಸಮಪಾಲು ಮಾಡಿಕೊಂಡಿದ್ದೇವೆ, ತಿಂಗಳು ತಿಂಗಳು ಕಟ್ಟುತ್ತಿದ್ದೇವೆ. ಅಣ್ಣ ಊರಿನ ಕೆರೆ ಏರಿ ಮೇಲೆ ವಾರಕ್ಕೆ ನಾಲ್ಕು ದಿನ ಓಡುತ್ತಾನೆ. ಒಂದು ಕಡೆ ಜಾಲಿ ಬೆಳೆದಿದೆ, ಇನ್ನೊಂದು ಕಡೆ ತಿಪ್ಪೆ, ಅದರ ಸುದ್ದಿ ಬೇರೆ ಬರೆಯುತ್ತೇವೆ.

ಓಡಲು ಷುರು ಮಾಡುವವರಿಗೆ ನಾವು ಕಲಿತದ್ದು ಇಷ್ಟು. ಮೊದಲ ಎರಡು ವಾರ ಎರಡು ನಿಮಿಷ ಓಡಿ, ಎರಡು ನಿಮಿಷ ನಡೆಯಿರಿ. ಮಾತಾಡಲು ಆಗುವಷ್ಟು ನಿಧಾನಕ್ಕೆ ಓಡಿ. ಸಕ್ಕರೆ, ಬಿಪಿ ಇದ್ದವರು ಡಾಕ್ಟರನ್ನು ಕೇಳಿಯೇ ಓಡಿ. ಆದರೆ ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ, ಮಾತಾಡಬೇಕಾದ ಬಾಕಿ ಇರುವವರನ್ನೇ.

ತಮ್ಮ ಭಾನುವಾರ ಓಡಿ ಬಂದ ಮೇಲೆ ಫೋನ್ ಮಾಡುತ್ತಾನೆ. ಅಷ್ಟು ಹೊತ್ತಿಗೆ ಇಲ್ಲಿ ಅಣ್ಣನ ಮಧ್ಯಾಹ್ನದ ಮುದ್ದೆ ಮುಗಿದಿರುತ್ತದೆ. "ಎಷ್ಟು ಕಿ.ಮೀ. ಆಯ್ತು?" ಅಂತ ಮೊದಲು ಕೇಳುತ್ತೇವೆ. ಆಮೇಲೆ, "ಬಾಕಿ ಎಷ್ಟಿದೆ?"