ತೆಳುವಿಗೆ ತೆರುವ ಬೆಲೆ



ಸೇವೆಯಲ್ಲಿದ್ದಾಗ ಹತ್ತನೆಯ ತರಗತಿಯ ಫಲಿತಾಂಶ ಬಂದ ಮರುದಿನದಿಂದಲೇ ಪಾಲಕರು ನನ್ನಲ್ಲಿಗೆ ಬರತೊಡಗುತ್ತಿದ್ದರು. ವಿಜ್ಞಾನವೋ ವಾಣಿಜ್ಯವೋ, ನಿಪ್ಪಾಣಿಯೋ ಚಿಕ್ಕೋಡಿಯೋ, ವಸತಿನಿಲಯವೋ ಬಸ್ ಪಾಸೋ ಎಂಬುವು ಅಂದಿನ ಪ್ರಶ್ನೆಗಳಾಗಿದ್ದವು. ನಿವೃತ್ತನಾದ ಮೇಲೂ ಬರುವವರು ಬರುತ್ತಲೇ ಇದ್ದಾರೆ. ಪ್ರಶ್ನೆ ಮಾತ್ರ ಬದಲಾಗಿದೆ. “ಗುರುಗಳ, ಯಾವ ಲ್ಯಾಪ್‌ಟಾಪ್ ಕೊಡಸೂಣ್ರಿ?” ಎಂಬುದು ಇಂದಿನ ಪ್ರಶ್ನೆ. ಮೂರು ದಶಕಗಳಿಗೂ ಹೆಚ್ಚು ಕಾಲ ವಿಜ್ಞಾನ ಮತ್ತು ಗಣಿತ ಕಲಿಸಿದವನಿಗೆ ಇದೂ ತಿಳಿದಿರಲೇಬೇಕೆಂಬ ನಂಬಿಕೆ ನಮ್ಮ ಭೋಜದ ಜನರಲ್ಲಿ ಇನ್ನೂ ಉಳಿದಿದೆ. ಆ ನಂಬಿಕೆಗೆ ಕುಂದು ಬರಬಾರದೆಂದು ನಾನೂ ಒಂದಿಷ್ಟು ಓದಿಕೊಂಡಿದ್ದೇನೆ, ಬಲ್ಲವರನ್ನು ಕೇಳಿ ತಿಳಿದುಕೊಂಡಿದ್ದೇನೆ.

2024ರ ಮಳೆಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಮಗಳೊಡನೆ ಮನೆಗೆ ಬಂದಿದ್ದ. ಮಗಳಿಗೆ ಇಂಜಿನಿಯರಿಂಗ್ ಸೀಟು ದೊರೆತಿತ್ತು. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಆ ಮನೆತನದಲ್ಲಿ ಇಂಜಿನಿಯರಿಂಗಿಗೆ ಕಾಲಿಡುತ್ತಿದ್ದ ಮೊದಲಿಗಳು. ಕಬ್ಬಿನ ಬಿಲ್ಲಿನಲ್ಲಿ ಉಳಿಸಿಟ್ಟದ್ದು ಕೆಲವು ಸಾವಿರ, ತಾಯಿ ಮಹಿಳಾ ಸಂಘದಲ್ಲಿ ಎತ್ತಿದ ಸಾಲ ಕೆಲವು ಸಾವಿರ, ಹೀಗೆ ಎಲ್ಲ ಕೂಡಿಸಿ ಅರವತ್ತು ಸಾವಿರ ರೂಪಾಯಿ ಅವರ ಕೈಯಲ್ಲಿತ್ತು. ನಾಲ್ಕು ವರ್ಷಗಳ ಓದು ಮುಗಿಯುವವರೆಗೆ ಇನ್ನೊಂದನ್ನು ಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ಆದ್ದರಿಂದ ಆ ದಿನದ ಚರ್ಚೆ ಹವ್ಯಾಸಿಗಳ ಹರಟೆಯಾಗಿರಲಿಲ್ಲ.

ಮಗಳು ತೆಳ್ಳಗಿನದು ಬೇಕೆಂದಳು. ತಂದೆಗೆ ಅದು ಶೋಕಿಯಾಗಿ ಕಂಡಿತು. “ಅದ ರೊಕ್ಕಕ್ಕ ದೊಡ್ಡದು, ಗಟ್ಟಿದು ಬರ್ತದ್ರಿ ಗುರುಗಳ. ಈಕಿ ನೋಡಿದ್ರ ರೊಟ್ಟಿಯಂಗ ತೆಳ್ಳಂದ ಬೇಕಂತಾಳ. ನಾಳೆ ಮುರದ್ರ ಯಾರ್ರಿ ಹೊಣಿ?” ಎಂಬುದು ಅವನ ವಾದ. ಅಂಗಡಿಯವನು ಅವನಿಗೆ ತೋರಿಸಿದ್ದು ಆಟಗಳಿಗೆಂದೇ ಮಾಡಿದ, ಹದಿನೈದೂವರೆ ಇಂಚಿನ ಭಾರಿ ಯಂತ್ರ. ಮಗಳು ತಲೆ ತಗ್ಗಿಸಿಯೇ, ಆದರೆ ಸ್ಪಷ್ಟವಾಗಿ ಹೇಳಿದಳು: “ಅಪ್ಪಾ, ದಿನಾ ಬಸ್ಸಿನ್ಯಾಗ ನಿಂತ ಹೋಗಾಕಿ ನಾನು.”

ಆ ಒಂದು ಮಾತು ನನಗೆ ಮುಖ್ಯವೆನಿಸಿತು. ಅವಳ ಪುಸ್ತಕದ ಚೀಲವನ್ನು ಎದುರಿನ ಕಿರಾಣಿ ಅಂಗಡಿಯ ತೂಕದ ಯಂತ್ರದ ಮೇಲೆ ಇರಿಸಿದೆವು. ಡಬ್ಬಿ, ನೀರಿನ ಬಾಟಲಿ, ಪುಸ್ತಕ ಎಲ್ಲ ಸೇರಿ 5 ಕಿಲೋ 200 ಗ್ರಾಂ. ತಂದೆ ಮೆಚ್ಚಿದ ಯಂತ್ರದ ತೂಕ 2.3 ಕಿಲೋ, ಅದರ ಚಾರ್ಜರ್ ಇಟ್ಟಿಗೆಯಂತಹುದು, ಅದೇ ಸುಮಾರು 600 ಗ್ರಾಂ. ಜಾಹೀರಾತುಗಳಲ್ಲಿ ಚಾರ್ಜರಿನ ತೂಕವನ್ನು ಯಾರೂ ಹೇಳುವುದಿಲ್ಲ, ಹೊರುವವರ ಹೆಗಲಿಗೆ ಮಾತ್ರ ಅದು ತಿಳಿಯುತ್ತದೆ. ಎಂಟು ಕಿಲೋ ಹೊತ್ತು, ಒಂದು ಕೈಯಲ್ಲಿ ಸರಳು ಹಿಡಿದು, ನಾಲ್ಕು ವರ್ಷ ಬಸ್ಸಿನಲ್ಲಿ ನಿಲ್ಲುವುದನ್ನು ಶೋಕಿಯ ವಿರುದ್ಧದ ಮಿತವ್ಯಯವೆಂದು ಕರೆಯಲಾಗದು. ಮಳೆಗಾಲದಲ್ಲಿ ವೇದಗಂಗಾ–ದೂಧಗಂಗಾ ನದಿಗಳು ಉಕ್ಕಿ ಕಾರದಗಾ–ಭೋಜ ಸೇತುವೆ ಮುಳುಗಿದಾಗ ನಮ್ಮೂರಿನವರು ಸುತ್ತುಬಳಸಿ ಅಲೆದದ್ದನ್ನು ಬಲ್ಲವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಮಗಳ ಪಟ್ಟಿಯಲ್ಲಿದ್ದ ಅತಿ ತೆಳ್ಳಗಿನ ಯಂತ್ರವನ್ನೂ ನಾನು ಒಪ್ಪಲಿಲ್ಲ. ತೆಳುವು ಬೇರೆ, ಹಗುರವು ಬೇರೆ. ಬಸ್ಸಿನಲ್ಲಿ ನಿಂತವಳಿಗೆ ಬೇಕಾದದ್ದು ಹಗುರ. ದಪ್ಪದಲ್ಲಿ ನಾಲ್ಕು ಮಿಲಿಮೀಟರ್ ಹೆಚ್ಚಾದರೆ ಚೀಲಕ್ಕೆ ತಿಳಿಯುವುದೂ ಇಲ್ಲ. ತೂಕದಲ್ಲಿ ಒಂದು ಕಿಲೋ ಹೆಚ್ಚಾದರೆ ಬೆನ್ನಿಗೆ ತಿಳಿಯುತ್ತದೆ. ಆ ನಾಲ್ಕು ಮಿಲಿಮೀಟರನ್ನು ಉಳಿಸಲು ತಯಾರಕರು ಒಳಗಿನಿಂದ ಏನೇನನ್ನು ತೆಗೆದರು ಎಂಬುದನ್ನು ಕೊಳ್ಳುವವರು ತಿಳಿದಿರಬೇಕು.

ಇದರ ಇತಿಹಾಸ ಸ್ವಾರಸ್ಯಕರವಾಗಿದೆ. 1981ರಲ್ಲಿ ಮಾರುಕಟ್ಟೆಗೆ ಬಂದ ‘ಆಸ್‌ಬಾರ್ನ್ 1’ ಎಂಬ ಗಣಕಯಂತ್ರವನ್ನು ‘ಹೊತ್ತೊಯ್ಯಬಹುದಾದದ್ದು’ ಎಂದು ಕರೆದರು. ಅದರ ತೂಕ ಸುಮಾರು 11 ಕಿಲೋ! 2008ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಅವರು ಸ್ಯಾನ್ ಫ್ರಾನ್ಸಿಸ್ಕೋದ ಸಭೆಯೊಂದರಲ್ಲಿ ಕಾಗದದ ಲಕೋಟೆಯೊಳಗಿನಿಂದ ‘ಮ್ಯಾಕ್‌ಬುಕ್ ಏರ್’ ಅನ್ನು ಹೊರತೆಗೆದಾಗ ಜಗತ್ತು ಬೆರಗಾಯಿತು. ಅತಿ ದಪ್ಪವಾದ ಕಡೆಯಲ್ಲಿ 1.94 ಸೆಂಟಿಮೀಟರ್, ತೂಕ 1.36 ಕಿಲೋ. ಆದರೆ ಅದರಲ್ಲಿ ಸಿ.ಡಿ. ಹಾಕುವ ಜಾಗವಿರಲಿಲ್ಲ, ನೆಟ್‌ವರ್ಕ್ ತಂತಿಯ ಕಿಂಡಿಯಿರಲಿಲ್ಲ, ಯುಎಸ್‌ಬಿ ಕಿಂಡಿ ಇದ್ದದ್ದು ಒಂದೇ. ಬ್ಯಾಟರಿ ಒಳಗೇ ಬಂದಿಯಾಗಿತ್ತು. 2 ಜಿಬಿ ರ‍್ಯಾಮ್ ಮುಖ್ಯ ಫಲಕಕ್ಕೇ ಬೆಸೆದುಹೋಗಿತ್ತು. 2011ರಲ್ಲಿ ಇಂಟೆಲ್ ಕಂಪನಿಯು ‘ಅಲ್ಟ್ರಾಬುಕ್’ ಎಂಬ ಹೆಸರನ್ನು ಮುಂದಿಟ್ಟ ಮೇಲೆ ಉಳಿದ ತಯಾರಕರೂ ಅದೇ ದಾರಿ ಹಿಡಿದರು.

ತೆಳುವಿನ ಆಸೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದಕ್ಕೂ ಅದೇ ಆ್ಯಪಲ್ ಕಂಪನಿಯದೇ ಉದಾಹರಣೆಯಿದೆ. 2015ರಲ್ಲಿ ಅದು ಕೀಲಿಗಳನ್ನೂ ತೆಳುವಾಗಿಸಿ ‘ಚಿಟ್ಟೆ’ ಎಂಬ ಹೊಸ ರಚನೆಯನ್ನು ತಂದಿತು. ಕೀಲಿ ಅಂಟಿಕೊಳ್ಳುತ್ತದೆ, ಒಮ್ಮೆ ಒತ್ತಿದರೆ ಎರಡು ಅಕ್ಷರ ಮೂಡುತ್ತವೆ ಎಂಬ ದೂರುಗಳು ಬಂದವು. 2018ರಲ್ಲಿ ಕಂಪನಿಯೇ ಉಚಿತ ದುರಸ್ತಿಯನ್ನು ಘೋಷಿಸಿತು. 2019ರ ಕೊನೆಯಿಂದ ಹಳೆಯ ‘ಕತ್ತರಿ’ ರಚನೆಗೇ ಮರಳಿತು. ಬೆರಳಿಗೆ ಬೇಕಾದ ಆಳ ಬೆರಳಿಗೆ ಬೇಕೇ ಬೇಕು ಎಂಬ ಪಾಠ ಇದರಲ್ಲಿದೆ.

ಇನ್ನು ಚರ್ಚೆಗೆ ಬರೋಣ. ಪುಣೆಯಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ನನ್ನ ಮಗನನ್ನು ಫೋನಿನಲ್ಲಿ ಕೇಳಿದೆವು. ಅವನು ಪ್ರೊಸೆಸರ್ ಮತ್ತು ರ‍್ಯಾಮ್ ಮುಖ್ಯವೆಂದ. “ರ‍್ಯಾಮ್ ಬೆಸದಿದ್ರೂ ತಪ್ಪಲ್ಲ ಅಪ್ಪಾ, ಅಂಥಾದ್ದಕ್ಕ ಕರೆಂಟ್ ಕಡಿಮಿ ಸಾಕು, ಬ್ಯಾಟರಿ ಭಾಳ ಹೊತ್ತ ಬರ್ತದ” ಎಂದೂ ಹೇಳಿದ. ನಿಪ್ಪಾಣಿಯಲ್ಲಿ ಗಣಕಯಂತ್ರ ದುರಸ್ತಿಯ ಅಂಗಡಿ ಇಟ್ಟಿರುವ ಇನ್ನೊಬ್ಬ ವಿದ್ಯಾರ್ಥಿ ಅದನ್ನು ಒಪ್ಪಲಿಲ್ಲ. “ಬೆಸದದ್ದು ಕೆಟ್ಟರ ನನ್ನ ಕೈಯಾಗ ಏನೂ ಇಲ್ರಿ ಗುರುಗಳ. ಇಡೀ ಬೋರ್ಡ ಬದಲಿ ಮಾಡಬೇಕು. ಅದಕ್ಕ ಅರ್ಧ ಮಶಿನ್ನಿನ ರೊಕ್ಕ ಹೋಗ್ತದ.” ಇಬ್ಬರ ಮಾತೂ ಸರಿಯೇ. ಒಬ್ಬ ಯಂತ್ರ ನಡೆಯುವ ದಿನಗಳ ಬಗ್ಗೆ ಹೇಳುತ್ತಿದ್ದ, ಇನ್ನೊಬ್ಬ ನಿಲ್ಲುವ ದಿನದ ಬಗ್ಗೆ.

ಇಂತಹ ಸಂದರ್ಭದಲ್ಲಿ ನನಗೆ ತಿಳಿದ ಉಪಾಯವೊಂದೇ: ಹಲಗೆಯ ಮೇಲೆ ಎರಡು ಕಾಲಂ ಹಾಕುವುದು. ಮನೆಯಲ್ಲಿ ಹಲಗೆ ಇಲ್ಲದ್ದರಿಂದ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಗೆರೆ ಎಳೆದೆ. ಎಡಕ್ಕೆ ‘ಕೊಂಡ ನಂತರ ಬದಲಿಸಲಾಗದ್ದು’, ಬಲಕ್ಕೆ ‘ನಂತರವೂ ಕೂಡಿಸಬಹುದಾದದ್ದು’.

ಎಡಗಡೆಯಲ್ಲಿ ಬಂದವು ಇವು: ತೂಕ, ಪರದೆ, ಕೀಲಿಮಣೆ, ಪ್ರೊಸೆಸರ್, ಬೆಸೆದಿದ್ದರೆ ರ‍್ಯಾಮ್, ಮತ್ತು ಬಿಸಿ ಹೊರಹೋಗುವ ವ್ಯವಸ್ಥೆ. ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ಶಾಖ ಹೊರಹೋಗಲು ಗಾಳಿಯಾಡುವ ಎಡೆ ಬೇಕೆಂಬುದನ್ನು ಎಂಟನೆಯ ತರಗತಿಯಲ್ಲೇ ಓದಿದ್ದೀರಿ. ಎಡೆಯಿಲ್ಲದಷ್ಟು ತೆಳುವಾದ ಯಂತ್ರ ಬಿಸಿಯೇರಿದಾಗ ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಹೀಗಾಗಿ ಕಾಗದದ ಮೇಲೆ ಒಂದೇ ಪ್ರೊಸೆಸರ್ ಇರುವ ಎರಡು ಯಂತ್ರಗಳು ನಮ್ಮ ಏಪ್ರಿಲ್–ಮೇ ತಿಂಗಳ ಬಿಸಿಲಿನಲ್ಲಿ ಒಂದೇ ರೀತಿ ಓಡಲಾರವು.

ಬಲಗಡೆಯಲ್ಲಿ ಬಂದವು: ಬಹುತೇಕ ಯಂತ್ರಗಳಲ್ಲಿ ಬದಲಿಸಬಹುದಾದ ಎಸ್‌ಎಸ್‌ಡಿ ಸಂಗ್ರಹ, ಕಿಂಡಿಗಳ ಕೊರತೆ ನೀಗಿಸುವ ಸಣ್ಣ ಹಬ್, ಮೌಸ್, ಹೊರಗಿನ ಡಿಸ್ಕ್. ಬ್ಯಾಟರಿ ಎರಡು ಕಾಲಂಗಳ ನಡುವಿನದು. ಕೆಲವು ನೂರು ಬಾರಿ ತುಂಬಿ ಬರಿದಾದ ಮೇಲೆ ಯಾವ ಲಿಥಿಯಂ ಬ್ಯಾಟರಿಯಾದರೂ ಸೊರಗುತ್ತದೆ. ಅದನ್ನು ಸ್ಕ್ರೂ ಬಿಚ್ಚಿ ತೆಗೆಯಬಹುದೇ ಅಥವಾ ಅಂಟು ಹಾಕಿ ಕೂರಿಸಿದ್ದಾರೆಯೇ ಎಂದು ಮೊದಲೇ ಕೇಳಬೇಕು. ಫ್ರಾನ್ಸ್ ದೇಶದಲ್ಲಿ 2021ರ ಜನವರಿಯಿಂದ ಮಾರುವವರು ಪ್ರತಿಯೊಂದು ಲ್ಯಾಪ್‌ಟಾಪಿಗೂ ದುರಸ್ತಿಯ ಸುಲಭತೆಗೆ 10ಕ್ಕೆ ಇಷ್ಟು ಎಂದು ಅಂಕ ನಮೂದಿಸುವುದು ಕಡ್ಡಾಯವಾಯಿತು. ಮೇಷ್ಟರಾದವರಿಗೆ ಇದಕ್ಕಿಂತ ಪ್ರಿಯವಾದ ಕಾನೂನು ಇನ್ನಾವುದಿದ್ದೀತು! ನಮ್ಮಲ್ಲಿ ಆ ಕೆಲಸವನ್ನು ನಿಪ್ಪಾಣಿಯ ನನ್ನ ವಿದ್ಯಾರ್ಥಿಯಂತಹವರೇ ಬಾಯಿಮಾತಿನಲ್ಲಿ ಮಾಡುತ್ತಿದ್ದಾರೆ.

ನನ್ನ ಕಡೆಯಿಂದ ಒಂದು ಷರತ್ತನ್ನು ಸೇರಿಸಿದೆ. ಕೊಳ್ಳುವ ಮೊದಲು ಅಂಗಡಿಯಲ್ಲಿ ಕುಳಿತು ಹತ್ತು ನಿಮಿಷ ಟೈಪ್ ಮಾಡಿ ನೋಡಬೇಕು, ಅದೂ ಕನ್ನಡದಲ್ಲಿ. ಕನ್ನಡಕ್ಕೆಂದು ಬೇರೆ ಯಂತ್ರ ಬೇಕಾಗಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದು, ಯುನಿಕೋಡ್ ಬೇರೂರಿದ ಮೇಲೆ ಯಾವ ಲ್ಯಾಪ್‌ಟಾಪಿನಲ್ಲಿಯೂ ಕನ್ನಡ ಬರೆಯಬಹುದು. ನಮ್ಮ ಗಡಿಭಾಗದ ಎಷ್ಟೋ ಮನೆಗಳಂತೆ ಅವಳ ಮನೆಯಲ್ಲೂ ಕನ್ನಡ, ಮರಾಠಿ ಎರಡೂ ಇವೆ. ಒಂದೇ ಕೀಲಿಮಣೆಯಲ್ಲಿ ಎರಡನ್ನೂ ಬರೆಯುವ ಅನುಕೂಲ ಈಗ ಇದೆ. ಆದರೆ ನಮ್ಮ ಲಿಪಿಗೆ ಬೆರಳಿನ ಕೆಲಸ ಹೆಚ್ಚು. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ನುಡಿ ಕೀಲಿಮಣೆಯಲ್ಲಿ ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಆರು ಕೀಲಿಗಳನ್ನು ಒತ್ತಬೇಕು. ಒತ್ತಿದ್ದು ಬೆರಳಿಗೆ ತಿಳಿಯದ ಕೀಲಿಮಣೆಯಲ್ಲಿ ಇಂಗ್ಲಿಷ್ ಹೇಗೋ ನಡೆದೀತು, ಒತ್ತಕ್ಷರ ನಡೆಯದು. ಇಂಜಿನಿಯರಿಂಗ್ ಓದುವವಳಿಗೆ ಕನ್ನಡವೇಕೆ ಎಂದು ತಂದೆ ಕೇಳಿದ. ಕಲಿತದ್ದನ್ನು ತಾಯಿಗೆ, ಓಣಿಯ ಮಕ್ಕಳಿಗೆ ಬರೆದು ತಿಳಿಸಲು ಬೇಡವೇ ಎಂದೆ. ಮಗಳು ಆಗ ಮೊದಲ ಬಾರಿ ನಕ್ಕಳು.

ಕೊನೆಗೆ ಅವರು ಕೊಂಡದ್ದು ಅತಿ ತೆಳ್ಳಗಿನದೂ ಅಲ್ಲ, ಭಾರಿಯಾದದ್ದೂ ಅಲ್ಲ. ಹದಿನಾಲ್ಕು ಇಂಚಿನ ಪರದೆ, 1.4 ಕಿಲೋ ತೂಕ, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ಸ್ಕ್ರೂ ಬಿಚ್ಚಿ ತೆಗೆಯಬಹುದಾದ ಬ್ಯಾಟರಿ, ಸುಮಾರು 300 ಗ್ರಾಮಿನ ಟೈಪ್–ಸಿ ಚಾರ್ಜರ್. ಉಳಿದ ಹಣದಲ್ಲಿ ಮಳೆ ತಡೆಯುವ ಚೀಲ ಮತ್ತು ಒಂದು ಹೊರಗಿನ ಡಿಸ್ಕ್. ಡಿಸ್ಕ್ ಬೇಕೆಂದು ಹಟ ಹಿಡಿದದ್ದು ನಾನು. 2005, 2019, 2021ರ ಮಹಾಪೂರಗಳನ್ನು ಕಂಡ ಭಾಗ ನಮ್ಮದು. 2019ರ ಆಗಸ್ಟ್ ತಿಂಗಳಿನಲ್ಲಿ ಮನೆಬಿಟ್ಟು ಹೊರಟ ಮಕ್ಕಳು ಅಂಕಪಟ್ಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಗವಚಿಕೊಂಡದ್ದನ್ನು ನಾನು ನೋಡಿದ್ದೇನೆ. ಯಂತ್ರ ಎಷ್ಟೇ ಒಳ್ಳೆಯದಿರಲಿ, ಅದರೊಳಗಿನ ಕೆಲಸದ ಪ್ರತಿಯೊಂದು ಬೇರೆ ಕಡೆಯಲ್ಲಿರಬೇಕು. ಸಾಧ್ಯವಾದರೆ ಬೇರೆ ಊರಿನಲ್ಲಿರುವ ಬಂಧುಗಳ ಮನೆಯಲ್ಲಿ.

ನಿಮ್ಮಲ್ಲಿ ಹಲವರು ಈಗ ತಂದೆ ತಾಯಿಯರಾಗಿದ್ದೀರಿ, ಇಂತಹದೇ ಖರೀದಿಗೆ ಹೊರಡುವವರಿದ್ದೀರಿ. ಅಂಗಡಿಯವನು ಮೊದಲು ಕೇಳುವುದು ‘ಎಷ್ಟರೊಳಗೆ ಬೇಕು’ ಎಂದು. ನೀವು ಮೊದಲು ಕೇಳಬೇಕಾದದ್ದು ನಿಮ್ಮ ಮಗುವನ್ನು: ಇದನ್ನು ಹೊತ್ತು ಎಲ್ಲಿಗೆ ಹೋಗುತ್ತೀ, ಇದರಲ್ಲಿ ಏನು ಬರೆಯುತ್ತೀ, ವಿದ್ಯುತ್ ಇಲ್ಲದ ಕಡೆ ಎಷ್ಟು ಹೊತ್ತು ಕೂರುತ್ತೀ? ಆ ಮೂರು ಉತ್ತರಗಳು ದೊರೆತ ಮೇಲೆ ಎಡಗಡೆಯ ಕಾಲಂ ತುಂಬಿಸಿ, ಬಲಗಡೆಯದನ್ನು ಮುಂದಿನ ಕಬ್ಬಿನ ಬಿಲ್ಲಿಗೆ ಬಿಡಿ. ನನ್ನಲ್ಲಿಗೆ ಬರುವುದಾದರೆ ಅವಶ್ಯವಾಗಿ ಬನ್ನಿ. ಮಗುವನ್ನೂ, ಅದರ ಪುಸ್ತಕದ ಚೀಲವನ್ನೂ ಜೊತೆಗೆ ಕರೆತನ್ನಿ. ಯಾವ ಬಸ್ಸಿಗೆ ಹೋಗುತ್ತೀ ಎಂಬುದು ನನ್ನ ಮೊದಲ ಪ್ರಶ್ನೆಯಾಗಿರುತ್ತದೆ.