ಹಸಿದವನ ಸ್ವಾತಂತ್ರ್ಯ

ಮನುಷ್ಯನ ಸ್ವಾತಂತ್ರ್ಯಕ್ಕೆ ದೊಡ್ಡ ಶತ್ರು ಯಾರು? ಅವನ ಬದುಕಿನಲ್ಲಿ ಮಿತಿಮೀರಿ ಕೈಹಾಕುವ ಸರ್ಕಾರ ಎಂಬುದು ಲಿಬರ್ಟೇರಿಯನ್ ಎನಿಸಿಕೊಂಡ ಸ್ವಾತಂತ್ರ್ಯವಾದಿ ಚಿಂತಕರ ಉತ್ತರ. ದೇಹ, ದುಡಿಮೆ, ಆಸ್ತಿ ವ್ಯಕ್ತಿಯ ಸ್ವಂತದ್ದು. ಇನ್ನೊಬ್ಬರಿಗೆ ಕೇಡು ಮಾಡದವರೆಗೆ ಅವನನ್ನು ಅವನ ಪಾಡಿಗೆ ಬಿಡಬೇಕು ಎಂಬುದು ಅವರ ವಾದ. ಗುರುಮಠದಲ್ಲಿ ತತ್ವಶಾಸ್ತ್ರ ಓದಿದ ದಿನಗಳಿಂದಲೂ ಇಂತಹ ಗ್ರಂಥಗಳು ನನ್ನನ್ನು ಸೆಳೆದಿವೆ, ಕೆಣಕಿಯೂ ಇವೆ.

ಫ್ರೆಡರಿಕ್ ಹಾಯೆಕ್ ಅವರ 'ದ ರೋಡ್ ಟು ಸರ್ಫ್‌ಡಮ್' ಎರಡನೇ ಮಹಾಯುದ್ಧದ ನಡುವೆ, 1944ರಲ್ಲಿ ಪ್ರಕಟವಾಯಿತು. ದೇಶದ ಆರ್ಥಿಕ ಜೀವನವನ್ನೆಲ್ಲ ಸರ್ಕಾರದ ಒಂದೇ ಯೋಜನೆಗೆ ಒಳಪಡಿಸಿದರೆ, ಅದಕ್ಕೆ ಒಪ್ಪದವರನ್ನು ಅಧಿಕಾರವು ಬಗ್ಗಿಸದೆ ಬಿಡದು ಎಂಬುದು ಅವರ ಎಚ್ಚರಿಕೆ. ಇದು ಅಲಕ್ಷಿಸುವ ಮಾತಲ್ಲ. ಸಣ್ಣ ಸಮುದಾಯವು ತಾನೇ ಮಾಡಬಲ್ಲ ಕಾರ್ಯವನ್ನು ದೊಡ್ಡ ಸಂಸ್ಥೆಯು ಕಸಿದುಕೊಳ್ಳಬಾರದೆಂದು ಪೋಪ್ 11ನೇ ಪಿಯುಸ್ ಅವರೂ 1931ರ ಪರಿಪತ್ರದಲ್ಲಿ ಬೋಧಿಸಿದ್ದರು. ಆದರೆ ಹಾಯೆಕ್ ಅವರ ಅಭಿಮಾನಿಗಳು ಮರೆಯುವ ಒಂದು ಅಂಶವೂ ಅದೇ ಪುಸ್ತಕದಲ್ಲಿದೆ. ಸಾಕಷ್ಟು ಸಂಪತ್ತು ಗಳಿಸಿದ ಸಮಾಜವು ಎಲ್ಲರಿಗೂ ಕನಿಷ್ಠ ಅನ್ನ, ಬಟ್ಟೆ, ವಸತಿಯ ಭರವಸೆ ನೀಡಿದರೆ ಸ್ವಾತಂತ್ರ್ಯಕ್ಕೆ ಧಕ್ಕೆಯಾಗದೆಂದು ಅವರು ಒಪ್ಪಿದ್ದಾರೆ.

ರಾಬರ್ಟ್ ನೋಝಿಕ್ 1974ರ 'ಅನಾರ್ಕಿ, ಸ್ಟೇಟ್ ಅಂಡ್ ಯುಟೋಪಿಯಾ' ಕೃತಿಯಲ್ಲಿ ಇನ್ನೂ ಮುಂದೆ ಹೋದರು. ಹಿಂಸೆ, ಕಳವು, ವಂಚನೆಗಳಿಂದ ಜನರನ್ನು ರಕ್ಷಿಸುವುದು, ಒಪ್ಪಂದಗಳನ್ನು ಪಾಲಿಸುವಂತೆ ನೋಡಿಕೊಳ್ಳುವುದು, ಇಷ್ಟೇ ಸರ್ಕಾರದ ಕೆಲಸ. ದುಡಿದು ಗಳಿಸಿದ್ದರ ಮೇಲಿನ ತೆರಿಗೆಯು ಬಲವಂತದ ದುಡಿಮೆಗೆ ಸಮ ಎಂದರು. ತರ್ಕ ಹರಿತವಾಗಿದೆ. ಆದರೆ ಈ ಗ್ರಂಥದ ಮನುಷ್ಯನು ಎಂದೂ ಮಗುವಾಗಿರಲಿಲ್ಲವೇ, ಕಾಯಿಲೆ ಬೀಳುವುದಿಲ್ಲವೇ, ಅವನಿಗೆ ಮುಪ್ಪು ಬಾರದೇ ಎಂಬ ಪ್ರಶ್ನೆ ನನ್ನನ್ನು ಕಾಡಿತು. ಮುಂದೆ 1989ರ 'ದಿ ಎಕ್ಸಾಮಿನ್ಡ್ ಲೈಫ್' ಪುಸ್ತಕದಲ್ಲಿ ನೋಝಿಕ್ ಅವರೇ ತಮ್ಮ ಹಿಂದಿನ ನಿಲುವಿನಲ್ಲಿ ಗಂಭೀರ ಕೊರತೆಯಿದೆಯೆಂದು ಬರೆದರು. ಇಂತಹ ಪ್ರಾಮಾಣಿಕತೆ ವಿದ್ವಾಂಸರಲ್ಲಿ ಅಪರೂಪ.

ಆ ಕೊರತೆ ಏನೆಂಬುದು ನನಗೆ ಮನದಟ್ಟಾದದ್ದು ಅಮರ್ತ್ಯ ಸೇನ್ ಅವರ 1999ರ 'ಡೆವಲಪ್‌ಮೆಂಟ್ ಆಸ್ ಫ್ರೀಡಂ' ಓದಿದಾಗ. ದೇಶವಿಭಜನೆಗೆ ಮುನ್ನ, ಢಾಕಾದಲ್ಲಿ ಕಳೆದ ಬಾಲ್ಯದ ಒಂದು ಘಟನೆಯನ್ನು ಅವರು ಅದರಲ್ಲಿ ನೆನೆಯುತ್ತಾರೆ. ಕೋಮುಗಲಭೆಯ ಸಮಯದಲ್ಲಿ ಇರಿತಕ್ಕೊಳಗಾದ ಮುಸ್ಲಿಂ ಕೂಲಿಕಾರನೊಬ್ಬ ರಕ್ತ ಸುರಿಸುತ್ತಾ ಅವರ ಮನೆಯ ಗೇಟಿನೊಳಗೆ ಬಂದನು. ಅಪಾಯದ ಬಡಾವಣೆಗೆ ಹೋಗಬೇಡಿರೆಂದು ಹೆಂಡತಿ ಹೇಳಿದ್ದಳು. ಮನೆಯಲ್ಲಿ ಉಣ್ಣಲು ಏನೂ ಇಲ್ಲದ್ದರಿಂದ, ಅಲ್ಪ ಕೂಲಿಗಾಗಿ ಹೊರಟು ಬಂದಿದ್ದನು. ಆಸ್ಪತ್ರೆಯಲ್ಲಿ ಅವನು ಪ್ರಾಣಬಿಟ್ಟನು. ಇರಿದವನ ಅಪರಾಧವನ್ನು ನೋಝಿಕ್ ಅವರ ತರ್ಕವೂ ಖಂಡಿಸುತ್ತದೆ. ಆದರೆ ಆ ಬಡವನನ್ನು ಅಲ್ಲಿಗೆ ತಳ್ಳಿದ ಹಸಿವು ಮಾತ್ರ ಆ ತರ್ಕದ ಕಣ್ಣಿಗೆ ಬಲವಂತವಾಗಿ ಕಾಣುವುದಿಲ್ಲ.

ಪ್ರಿಯ ಓದುಗರೇ, ಕಾಲೇಜಿಗೆ ಹೋಗುವ ನಿಮ್ಮ ಮಕ್ಕಳ ಕೈಯಲ್ಲಿ ಇಂತಹ ಗ್ರಂಥಗಳು ಕಂಡರೆ ಗಾಬರಿಪಡದಿರಿ. ಅಧಿಕಾರವನ್ನು ಪ್ರಶ್ನಿಸಲು, ದುಡಿಮೆಯನ್ನು ಗೌರವಿಸಲು ಅವರು ಅವುಗಳಿಂದ ಕಲಿಯಲಿ. ಜೊತೆಗೆ ಒಂದು ಪ್ರಶ್ನೆಯನ್ನು ಮನೆಯಲ್ಲಿ ನೀವೂ ಕೇಳಿ: ಈ ಪುಸ್ತಕ ಹೇಳುವ ಸ್ವಾತಂತ್ರ್ಯವು ಢಾಕಾದ ಆ ಕೂಲಿಕಾರನ ಪಾಲಿಗೂ ಇತ್ತೇ?